ತಿಪ್ಪವ್ವನ ಕಿಟಕಿ

"ಅಣ್ಣಾ, ತಿಪ್ಪವ್ವನ ಆಶ್ರಮಕ್ಕೆ ಯಾವ ದಾರಿ?"

ಹೊಳೆದಂಡೆಯ ಅಗಸ ಬಟ್ಟೆ ಹಿಂಡುತ್ತಲೇ ತಲೆ ಎತ್ತಿದ. "ಬೆಳಗಿನಿಂದ ಮೂರನೇ ಸಲ ಕೇಳ್ತಿದ್ದೀಯಲ್ಲ ತಾಯಿ! ಏಳು ದೇಶ ಸುತ್ತಿದೆ ಅಂತೀಯ, ಒಂದು ದಿಬ್ಬ ಹತ್ತೋಕೆ ಬರಲ್ವಾ? ಅಗೋ, ಹಲಗೆ ಬಡಿದ ಕಿಟಕಿ. ಅದೇ."

ಅಂಬಕ್ಕ ಆ ಹಲಗೆಯನ್ನೇ ನೋಡಿದಳು. ದಾರಿ ಅವಳಿಗೆ ಗೊತ್ತಿತ್ತು, ಹತ್ತುವ ಧೈರ್ಯವಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ, ದಿನವಿಡೀ ಚಿಂದಿ ಜೋಡಿಸಿ ಕೌದಿ ಹೊಲಿಯೋದೂ ಒಂದು ವಿದ್ಯೆಯಾ ಎಂದು ಸಿಟ್ಟಿಗೆದ್ದು ತನ್ನ ಬಟ್ಟೆಗಂಟು ಎಸೆದಿದ್ದಳು. ಗಂಟು ಕಿಟಕಿಗೆ ಅಂಟಿಸಿದ್ದ ಎಣ್ಣೆಕಾಗದ ಹರಿದುಕೊಂಡು ಆಚೆ ಬಿತ್ತು. ಗುರು ತಿಪ್ಪವ್ವ ಹೇಳಿದ್ದಿಷ್ಟೇ: "ಕಿಟಕಿಯ ಋಣ ತೀರಿಸದೆ ಈ ಹೊಸ್ತಿಲು ತುಳೀಬೇಡ."

ತಿಪ್ಪವ್ವ ಈಗ ಹಣ್ಣು ಮುದುಕಿ. ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು.

"ಋಣ ತೀರಿಸೋಕೆ ಬಂದೆ ಅವ್ವಾ. ಮತ್ತೆ ಶಿಷ್ಯೆಯಾಗಿ ಸೇರಿಸಿಕೊಳ್ಳಿ."

"ಹಲಗೆ ಹೊಡೆದರೆ ಒಳಗೆಲ್ಲ ಕತ್ತಲೆ. ಹನ್ನೆರಡು ಚಳಿಗಾಲ ಬಾಗಿಲಲ್ಲಿ ನಡುಗಿದ್ದೀನಿ. ಬೇಗ ತೀರಿಸು ಮಾರಾಯ್ತಿ!"

ಅಂಬಕ್ಕ ಬೆನ್ನ ಹೊರೆ ಬಿಚ್ಚಿದಳು. ಹುಲ್ಲು, ಹತ್ತಿ, ಕಂಬಳಿ. ನಡುವೆ ನೀರಿನಷ್ಟು ತಿಳಿಯಾದ ಗಾಜು. ಮರುಭೂಮಿ ದಾಟಿ ಬಂದರೂ ಒಂದು ಗೀರಿಲ್ಲ. ಹಲಗೆ ಕಿತ್ತು, ಹೊರಗೇ ನಿಂತು ಅದನ್ನು ಕೂರಿಸಿದಳು.

ತಿಪ್ಪವ್ವ ಒಳಗೆ ಹೋಗಿ ಕಿಟಕಿಯ ಕೆಳಗೆ ಕೂತಳು. ಕೂತದ್ದೇ ತಡ, ಬೈಗುಳ ಶುರುವಾಯಿತು.

"ಸೂರ್ಯನನ್ನೇ ತಂದು ತೊಡೆ ಮೇಲೆ ಕೂರಿಸಿದೆಯಲ್ಲೇ! ಕಣ್ಣು ಕುಕ್ಕುತ್ತೆ. ಸೂಜಿ ಆಡಿಸಿದರೆ ನನ್ನ ಕೈಯ ನೆರಳೇ ಹೊಲಿಗೆಗೆ ಅಡ್ಡ. ಆ ಅಗಸ ಬೇರೆ ಇಣುಕ್ತಾನೆ."

ಅಂಬಕ್ಕ ಹಣೆ ಚಚ್ಚಿಕೊಂಡಳು. "ಹಲಗೆ ಬೆಳಕನ್ನ ಬಿಡಲ್ಲ, ಬೇಡ. ಗಾಜು ಪೂರ್ತಿ ಬಿಡುತ್ತೆ, ಅದೂ ಬೇಡ. ನಿಮಗೆ ಬೇಕಾದ್ದಾದರೂ ಏನವ್ವಾ?"

"ನೀನು ಹರಿದದ್ದೇನು?"

"ಕಾಗದ."

"ಹೊರೆಯಲ್ಲಿ ಇದೆಯಾ?"

ಇತ್ತು. ಒಂದೇ ಒಂದು. ಏಳು ದೇಶದ ಪಂಡಿತರು ಅವಳನ್ನು ಹೊಗಳಿ ಬರೆದು, ದಪ್ಪನೆಯ ಅರಗಿನ ಮುದ್ರೆ ಒತ್ತಿದ ಬಿರುದುಪತ್ರ.

ತಿಪ್ಪವ್ವ ಗಾಜು ತೆಗೆಸಿದಳು. ಗಂಜಿಯ ಬಟ್ಟಲು, ಎಣ್ಣೆಯ ಕುಡಿಕೆ ಎರಡನ್ನೂ ಕಿಟಕಿಯಿಂದ ಆಚೆ ಚಾಚಿದಳು.

ಅಂಬಕ್ಕ ಬಹಳ ಹೊತ್ತು ಪತ್ರವನ್ನೇ ನೋಡಿದಳು. ಆಮೇಲೆ ಅಂಚಿಗೆ ಗಂಜಿ ಬಳಿದು ಚೌಕಟ್ಟಿಗೆ ಅಂಟಿಸಿದಳು. ಎಣ್ಣೆಯಲ್ಲಿ ಬೆರಳು ಅದ್ದಿ ಸವರಿದಳು. ಸವರಿದಂತೆಲ್ಲ ಕಾಗದ ಮಂಜಿನಂತಾಯಿತು.

ಹೊಸ್ತಿಲಾಚೆಯಿಂದ ಇಣುಕಿದಳು. ಬೆಳಕು ಮೂಲೆಮೂಲೆಗೂ ಮೆತ್ತಗೆ ಹರಡಿತ್ತು. ತಿಪ್ಪವ್ವ ಸೂಜಿ ಆಡಿಸಿದಳು. ಕೈಯ ನೆರಳು ಕೌದಿಯ ಮೇಲೆ ಬೀಳಲಿಲ್ಲ. ಅರಗಿನ ಮುದ್ರೆ ಮಾತ್ರ ಬೆಳಕು ಬಿಡದೆ ಕಿಟಕಿಯಲ್ಲಿ ಕಪ್ಪಗೆ ಕೂತು, ತನ್ನ ಕೆಳಗಷ್ಟು ಮಬ್ಬು ಮಾಡಿತ್ತು.

"ಋಣ ತೀರಿತಾ ಅವ್ವಾ?"

"ತೀರಿತು, ಬಾ ಒಳಗೆ. ಸೂಜಿ ತಗೊಂಡು ಆ ಮುದ್ರೆಯ ಕೆಳಗೆ ಕೂತ್ಕೋ."