ತಿಪ್ಪೇಶಿ ತಿಕ್ಕಿದ ಕಂಟ್ರೋಲರ್

ಹೂಂ ಅನ್ನೋರು ಈಗಲೇ ಹೂಂ ಅನ್ನಿ, ನಗೋರು ಸ್ವಲ್ಪ ತಡೆದು ನಗಿ. ಪಾಲಮ್ಮನಿಗೆ ಮಾತ್ರ ಆ ವಾರವಿಡೀ ನಗು ಬರಲಿಲ್ಲ.

ಚಳ್ಳಕೆರೆ ಬಸ್ ಸ್ಟ್ಯಾಂಡ್ ಹಿಂದೆ ಅವಳದೊಂದು ಗೇಮ್ ಅಂಗಡಿ. ಎರಡು ಟಿವಿ, ನಾಲ್ಕು ಕಂಟ್ರೋಲರ್: ಕಪ್ಪು, ಬಿಳಿ, ಕೆಂಪು, ನೀಲಿ. ಎರಡೂ ಕೈಲಿ ಹಿಡಿದು ಗುಂಡಿ ಒತ್ತಿದರೆ ಟಿವಿಯೊಳಗಿನ ಆಟಗಾರ ಓಡುತ್ತಾನೆ. ಕೆಟ್ಟರೆ ಬಿಚ್ಚಿ ಸರಿ ಮಾಡುವವಳೂ ಪಾಲಮ್ಮನೇ. ಗಂಡ ಸತ್ತ ಮೇಲೆ ಹಟ ಹಿಡಿದು ಕಲಿತ ಕೆಲಸ. ಮಗ ತಿಪ್ಪೇಶಿಗೆ ಇಪ್ಪತ್ತಾರು ವರ್ಷ. ಹೇಳಿದ್ದನ್ನು ಮಾಡುವುದಿಲ್ಲ ಅಂತ ಅವನನ್ನು ಯಾರೂ ಬೈಯುವ ಹಾಗಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ಗ್ರಹಚಾರ.

ಹಿರಿಯೂರಿನಿಂದ ಅವನಿಗೊಂದು ಸಂಬಂಧ ಬಂತು. ಹುಡುಗಿಯ ಅಣ್ಣ ಕಾಂತರಾಜ ತನ್ನದೇ ಕಂಟ್ರೋಲರ್ ತಂದು ಮುಂದಿಟ್ಟ. ಬಣ್ಣ ಹೋದ ಬೂದು ಮೈ, ಎಡಗಡೆ ಹೆಬ್ಬೆರಳಲ್ಲಿ ಆಡಿಸುವ ಕಡ್ಡಿ ಮುರಿದಿತ್ತು.

"ಅತ್ತೆ, ಇದನ್ನ ರಿಪೇರಿ ಮಾಡಿಡಿ. ಈ ವಾರ ಅಂಗಡಿ ಭಾವನೇ ನೋಡಲಿ. ಶನಿವಾರ ಬಂದು ಭಾವನ ಕೈಯಿಂದಲೇ ತಗೋತೀನಿ. ನನಗೆ ಒಪ್ಪಿಗೆಯಾದ್ರೆ ತಂಗೀನ ಕೊಟ್ಟ ಹಾಗೆ."

ಇಷ್ಟು ವರ್ಷಕ್ಕೆ ಬಂದದ್ದು ಇದೊಂದೇ ಸಂಬಂಧ. ಪಾಲಮ್ಮ ಅಂಗಡಿಯನ್ನು ಮಗನಿಗೆ ಬಿಟ್ಟು ಒಳಗಿನ ಪರದೆಯ ಹಿಂದೆ ಹೋಗಿ ಕೂತಳು.

ಸೋಮವಾರ ಯಾರೋ ಮಂಡಕ್ಕಿ-ಮೆಣಸಿನಕಾಯಿ ತಿಂದ ಕೈಲಿ ಬಿಳಿ ಕಂಟ್ರೋಲರ್ ಹಿಡಿದರು. ತಿಪ್ಪೇಶಿ ಅದನ್ನು ಹಾಗೇ ಇನ್ನೊಬ್ಬರಿಗೆ ಕೊಟ್ಟ. "ಥೂ! ಎಣ್ಣೆ!" ಅಂತ ಅವರು ಎದ್ದೇ ಹೋದರು.

"ಕಣ್ಣಿಲ್ವೇನೋ ನಿನಗೆ?" ಪರದೆಯ ಹಿಂದಿನಿಂದ ಪಾಲಮ್ಮ ಗದರಿದಳು. "ಕೊಡೋಕೆ ಮುಂಚೆ ಬೆಳ್ಳಗಾಗೋವರೆಗೂ ತಿಕ್ಕಬೇಕು!"

"ಬೆಳ್ಳಗಾಗೋವರೆಗೂ ತಿಕ್ಕಬೇಕು. ಆಯ್ತವ್ವ."

ಮಂಗಳವಾರ ಗಿರಾಕಿ ಕಪ್ಪು ಕಂಟ್ರೋಲರ್ ಕೇಳಿದ. ತಿಪ್ಪೇಶಿ ಬಟ್ಟೆಯಲ್ಲಿ ತಿಕ್ಕಿದ. ನಾರಿನಲ್ಲಿ ತಿಕ್ಕಿದ. ಬಚ್ಚಲ ಕಲ್ಲಿಗೆ ಹಾಕಿ ತಿಕ್ಕಿದ. ಗಿರಾಕಿ ಕಾದು ಕಾದು ಹೋದ. ಪಾಲಮ್ಮ ಓಡಿ ಬಂದು ನೋಡಿದರೆ ಗುಂಡಿಗಳ ಮೇಲಿನ ತ್ರಿಕೋನ, ಸೊನ್ನೆ, ಚೌಕ, ಇಂಟು ಮಾರ್ಕು ಒಂದೂ ಇಲ್ಲ.

"ಇರವ್ವ, ಇನ್ನೂ ಬೆಳ್ಳಗಾಗಿಲ್ಲ!"

"ನಿನ್ನ ಕೈ ಸೇದಿಹೋಗ! ಯಾವ ಗುಂಡಿ ಯಾವುದು ಅಂತ ಯಾರಿಗೆ ಗೊತ್ತಾಗಬೇಕೋ ಈಗ? ಬಣ್ಣ ಇಲ್ಲ ಅಂತ ಕಂಡರೆ ಬಣ್ಣ ಹಚ್ಚಬೇಕು! ಒಂದೊಂದು ಕಡೆ ಒಂದೊಂದು ಬಣ್ಣ!"

"ಬಣ್ಣ ಇಲ್ಲದಿದ್ರೆ ಬಣ್ಣ ಹಚ್ಚಬೇಕು. ಆಯ್ತವ್ವ."

ಗುರುವಾರ ಡಾಕ್ಟರಮ್ಮನ ಮಗಳು ತನ್ನ ಕಂಟ್ರೋಲರ್ ತಂದಳು. ಅದರ ಮೈ ಗಾಜಿನ ಹಾಗಿತ್ತು, ಒಳಗಿನ ತಂತಿಯೆಲ್ಲ ಕಾಣುತ್ತಿತ್ತು. "ಬ್ಯಾಟರಿ ಹಾಕಿಡಿ ಅಣ್ಣಾ, ಸಂಜೆ ಬರ್ತೀನಿ" ಅಂದು ಹೋದಳು. ತಿಪ್ಪೇಶಿ ತಿರುಗಿಸಿ ನೋಡಿದ. ಬಣ್ಣವೇ ಇಲ್ಲ! ಹಿಡಿಕೆ ಎರಡೂ ನೋಡೋಕೆ ಎತ್ತಿನ ಕೊಂಬಿನ ಹಾಗಿದ್ದವು. ಎತ್ತಿನ ಕೊಂಬಿಗೆ ಬಳಿಯುವ ಬಣ್ಣ ತಂದ. ಒಂದು ಕೊಂಬಿಗೆ ಕೆಂಪು, ಒಂದು ಕೊಂಬಿಗೆ ಹಸಿರು, ನಡುವೆ ಅರಿಶಿನ.

ಸಂಜೆ ಆ ಹುಡುಗಿ ಅತ್ತಿದ್ದು ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿತು.

"ಅದಕ್ಕೆ ಬಣ್ಣ ಇಲ್ಲ ಅಂತಲ್ವೋ, ಅದರ ಬಣ್ಣವೇ ಅದು!" ಪಾಲಮ್ಮ ಹಣೆ ಹಣೆ ಚಚ್ಚಿಕೊಂಡಳು. "ಇನ್ನೊಬ್ಬರ ವಸ್ತು ಬಂದ ಹಾಗೇ ವಾಪಸ್ ಕೊಡಬೇಕು ಕಣೋ ಮುಂಡೇದೆ! ಒಂದು ಗೀರು ಹೆಚ್ಚಿರಬಾರದು, ಒಂದು ಗೀರು ಕಮ್ಮಿ ಇರಬಾರದು! ಬಂದ ಹಾಗೇ!"

"ಬಂದ ಹಾಗೇ. ಆಯ್ತವ್ವ."

ಶುಕ್ರವಾರ ಪಾಲಮ್ಮ ಕಾಂತರಾಜನ ಕಂಟ್ರೋಲರ್ ಕೈಗೆತ್ತಿಕೊಂಡಳು. ಹೊಸ ಕಡ್ಡಿ ಕೂರಿಸಿದಳು. ಬೂದು ಮೈಗೆ ನವಿಲುಗರಿಯ ನೀಲಿ ಹೊಡೆದಳು. ಶಾಸ್ತ್ರಕ್ಕೆ ಕೂತ ಮದುಮಗಳ ಹಾಗೆ ಹೊಳೆಯಿತು. ಮಗನ ಮದುವೆ ಅದರಲ್ಲೇ ಇದೆ ಅನ್ನಿಸಿ, ಹೊಸ ರವಿಕೆ ಕಣದಲ್ಲಿ ಸುತ್ತಿಟ್ಟಳು.

ಶನಿವಾರ ಕಾಂತರಾಜ ಬಂದ. ತಿಪ್ಪೇಶಿ ಎರಡೂ ಕೈಲಿ ಕೊಟ್ಟ. ಕಣ ಬಿಚ್ಚಿದರೆ ಅದೇ ಬೂದು ಮೈ, ಅದೇ ಮುರಿದ ಕಡ್ಡಿ!

"ಇದೇನು ಭಾವ? ನನ್ನನ್ನ ಆಡಿಸ್ತಿದೀರಾ?"

ಪಾಲಮ್ಮ ಪರದೆ ಕಿತ್ತುಕೊಂಡೇ ಹೊರಗೆ ಬಂದಳು. "ಏನೋ ಮಾಡಿದೆ, ಹಾಳಾದವನೇ?"

"ಬಂದ ಹಾಗೇ ಕೊಟ್ಟೆನವ್ವ! ನೀನು ಹೊಡೆದ ಬಣ್ಣ ಬಚ್ಚಲ ಕಲ್ಲಿಗೆ ತಿಕ್ಕಿದೆ, ಬೇಗ ಹೋಯ್ತು. ಕಡ್ಡಿ ಮಾತ್ರ ನೀನು ಗಟ್ಟಿ ಕೂರಿಸಿದ್ದೆ ನೋಡು, ಹಲ್ಲಲ್ಲಿ ಕಚ್ಚಿ ಮುರೀಬೇಕಾಯ್ತು."

ಪಾಲಮ್ಮ ಅಳುತ್ತಲೇ ವಾರದ ಕತೆಯೆಲ್ಲ ಹೇಳಿದಳು. ಕಾಂತರಾಜನ ಮುಖದ ಗಂಟು ಒಂದೊಂದೇ ಸಡಿಲವಾಯಿತು.

"ಹೋಗಲಿ ಬಿಡಿ ಅತ್ತೆ. ಕಂಟ್ರೋಲರ್ ಹೋದ್ರೆ ಇನ್ನೊಂದು ಬರುತ್ತೆ. ಹೇಳಿದ ಮಾತು ಕೇಳೋ ಗಂಡ ಎಲ್ಲಿ ಸಿಗ್ತಾನೆ? ಭಾವ, ನಮ್ಮ ತಂಗೀನ ನಿಮ್ಮ ಕೈಗೆ ಕೊಟ್ಟರೆ ಏನು ಮಾಡ್ತೀರಿ?"

ತಿಪ್ಪೇಶಿ ಎದೆಯುಬ್ಬಿಸಿ ಹೇಳಿದ, "ಇನ್ನೊಬ್ಬರ ಮನೆಯವರಲ್ವಾ? ಒಂದು ಗೀರೂ ಬೀಳದ ಹಾಗೆ, ಬಂದ ಹಾಗೇ ವಾಪಸ್ ಕೊಡ್ತೀನಿ!"

ಕಾಂತರಾಜ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಹಿಂದೆ ತಿರುಗಿ ನೋಡಲಿಲ್ಲ.

ಪಾಲಮ್ಮ ಕೈಗೆ ಸಿಕ್ಕ ಕೆಂಪು ಕಂಟ್ರೋಲರ್ ಎತ್ತಿ ಮಗನ ತಲೆಗೆ ಗುರಿಯಿಟ್ಟು ಬೀಸಿ ಎಸೆದಳು. ತಿಪ್ಪೇಶಿ ಅದನ್ನು ಗಪ್ಪನೆ ಹಿಡಿದ. ಹಿಡಿದು, ಗುರಿಯಿಟ್ಟು, ಬಂದ ಹಾಗೇ ಅವ್ವನಿಗೆ ವಾಪಸ್ ಎಸೆದ.

ಈಗ ನಗಿ. ಪಾಲಮ್ಮನ ಹಣೆಯ ಬುಗುಟು ಇಳಿದಿಲ್ಲ, ಅವಳಿಗೆ ಕೇಳಿಸದ ಹಾಗೆ ನಗಿ.