ಊಟಕ್ಕೆ ಮೊದಲು ಯಾರು

ಮೂರು ನೆರೆದೇಶಗಳ ಶೃಂಗಸಭೆ ಮುರಿದುಬೀಳುವ ಹಂತ ತಲುಪಿತ್ತು. ಪ್ರಜಾಪ್ರಭುತ್ವ, ಭದ್ರತೆ, ಸಮೃದ್ಧಿ ಎಲ್ಲಕ್ಕೂ ಒಪ್ಪಿಗೆಯಾಗಿತ್ತು. ಊಟದ ಮನೆಯೊಳಗೆ ಮೊದಲು ಕಾಲಿಡುವವರು ಯಾರೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮೂವರು ಮಂತ್ರಿಗಳೂ "ನಾನೇ ಮೊದಲು" ಎಂದು ಬಾಗಿಲಲ್ಲಿ ನಿಂತಿದ್ದರು.

"ಇವರನ್ನ ಒಳಗೆ ಕೂರಿಸದಿದ್ರೆ ನಿನ್ನ ಕೆಲಸ ಹೋಯ್ತು, ತಿಳ್ಕೋ," ಎಂದು ಸಭೆಯ ಉಸ್ತುವಾರಿ ಅಧಿಕಾರಿ, ಊಟ ಬಡಿಸುವ ಚನ್ನವೀರಯ್ಯನ ಮೇಲೆ ಹರಿಹಾಯ್ದರು.

ಚನ್ನವೀರಯ್ಯ ಮಂತ್ರಿಗಳಿಗೆ ಕೈಮುಗಿದ. "ಸ್ವಾಮಿ, ನಮ್ಮ ಕಡೆ ಪಂಕ್ತಿಗೆ ಎಲ್ಲರಿಗಿಂತ ವಯಸ್ಸಾದವರನ್ನ ಮೊದಲು ಕರೀತೀವಿ. ತಮ್ಮಲ್ಲಿ ಅವರು ಯಾರು?"

ಮೂವರೂ ಹಿಂದೆ ಸರಿದರು.

"ತಾವು ದಯಮಾಡಿಸಿ."

"ಛೆ, ನಾನಿನ್ನೂ ಚಿಕ್ಕವನು. ತಾವು."

ಮೂರನೆಯವರು ಕಿಟಕಿಯ ಗಾಜಿನಲ್ಲಿ ತಲೆಗೂದಲಿನ ಬಣ್ಣ ನೋಡಿಕೊಂಡರು. ಸಾರು ಆರುತ್ತಿತ್ತು. ಕೊನೆಗೆ ಮೂವರೂ ತೋಳಿಗೆ ತೋಳು ಹೆಣೆದು ಒಟ್ಟಿಗೇ ಒಳನುಗ್ಗಿದರು.

ಒಪ್ಪಂದಕ್ಕೆ ಅಂದೇ ಸಹಿ ಬಿತ್ತು. ಚನ್ನವೀರಯ್ಯನ ಕೆಲಸ ಉಳಿಯಿತು. ಬಾಗಿಲಿನ ಚೌಕಟ್ಟನ್ನು ಮರುದಿನ ರಿಪೇರಿ ಮಾಡಿಸಲಾಯಿತು.