ಬೀದಿಗೊಂದು ಬಳುಕಿನ ಅಕ್ಷರ

ಕೇಳ್ರಪ್ಪ, ನಗೋರು ಆಮೇಲೆ ನಗಿ. ಬೋರ್ಡ್ ಬರೆಯೋ ಕೆಂಪಮ್ಮನಿಗೆ ಒಬ್ಬನೇ ಮಗ, ಮರಿಮಾದ. ಸತ್ತ ಅಪ್ಪನ ಕೈ ಹಂಗೇ ಬಂದಿತ್ತು. ಕುಂಚ ಇಳಿದ್ರೆ ದಪ್ಪ, ಏರಿದ್ರೆ ಕೂದಲೆಳೆ, ಕೊನೇಲೊಂದು ಬಳುಕೋ ಬಾಲ. ಕೈ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಇವನಿಗೆ ಯಾರು ಹೆಣ್ಣು ಕೊಡ್ತಾರಪ್ಪಾ!" ಅವಳಿಗೆ ಇದೊಂದೇ ಚಿಂತೆ.

ಒಂದಿನ ಮಿಠಾಯಿ ಅಂಗಡಿ ಬೋರ್ಡ್ ಬಂತು. "ಅಕ್ಷರದ ಬಾಲಾನ ಬಿಗಿ ಹಿಡೀಬೇಡ ಮಗಾ, ಹೋದ ಕಡೆ ಹೋಗ್ಲಿ ಬಿಡು" ಅಂದ್ಲು. ಬಿಟ್ಟ! ಬಾಲ ಬೋರ್ಡ್ ದಾಟಿತು, ಗೋಡೆ ದಾಟಿತು, ಪಕ್ಕದ ಕ್ಷೌರದಂಗಡಿಗೆ ನುಗ್ಗಿ ಅಲ್ಲಿ ಕೂತಿದ್ದ ಗಿರಾಕಿಯ ಬಿಳಿ ಪಂಚೆ ಮೇಲೆ ಹೋಗಿ ನಿಂತಿತು.

"ಅಯ್ಯೋ ಮಂಕೇ! ಅಂಗಡಿ ಹೆಸರೆಲ್ಲೋ?"

"ಬಣ್ಣವೆಲ್ಲ ಬಾಲಕ್ಕೇ ಆಗೋಯ್ತಮ್ಮ."

"ಹೆಸರು ದೊಡ್ಡದಾಗಿ ಬಳುಕಿಸು, ಮಿಕ್ಕಿದ್ದು ಸಣ್ಣದಾಗಿ ಬರಿ. ತಿಳೀತಾ?"

"ತಿಳೀತಮ್ಮ."

ಆಮೇಲೆ ಸಾಹುಕಾರರ ಮನೆ ಕೆಲಸ. ಕಚ್ಚೋ ನಾಯಿ ಇದೆ, ಗೇಟಿಗೆ ಎಚ್ಚರಿಕೆ ಬರಿ ಅಂದ್ರು. "ನಾಯಿ ಹೆಸರೇನು ಸಾಮಿ?" "ಚಂದ್ರ." ಬರೆದ ನೋಡಿ, ಗೇಟಿನಗಲ "ಚಂದ್ರ" ಅಂತ! ಕೆಳಗೆ ಸಾಸಿವೆಯಷ್ಟು ಸಣ್ಣಗೆ, "ಕಚ್ಚುತ್ತಾನೆ." ಆಹಾ, ಎಂಥ ಅಕ್ಷರ ಅಂತ ಜನ ನಿಂತ್ರು. ಕೆಳಗೆ ಇನ್ನೇನೋ ಇದೆಯಲ್ಲ ಅಂತ ಬಗ್ಗಿದ್ರು. ಬಗ್ಗಿದವರ ಮೂಗಿಗೇ ಚಂದ್ರ ಗೇಟಿನ ಸಂದಿಯಿಂದ ಬಾಯಿ ಹಾಕ್ದ.

"ಥೂ ನಿನ್ನ! ಈ ಬಳುಕೋದು ಶುಭಕಾರ್ಯದ ಅಕ್ಷರ ಕಣೋ! ಅದೂ ಬೀದಿಗೊಂದು ಕಡೆ ಇದ್ರೆ ಸಾಕು. ಎಲ್ಲಾ ಕಡೆ ಬಳುಕಿದ್ರೆ ಯಾರು ನೋಡ್ತಾರೆ? ತಿಳೀತಾ?"

"ತಿಳೀತಮ್ಮ."

ಕೆಂಪಮ್ಮನ ಪುಣ್ಯ, ಕೊನೆಗೂ ಹೆಣ್ಣು ಸಿಕ್ತು. ದೂರದೂರಿನ ಜವನಮ್ಮ. ಅವಳಪ್ಪ ಸೋಮಣ್ಣ ಮಾದನ ಅಕ್ಷರಕ್ಕೇ ಸೋತುಹೋಗಿದ್ದ. "ನಮ್ಮಳಿಯನ ಅಕ್ಷರ ಇರೋ ಛತ್ರಕ್ಕೆ ಬಂದುಬಿಡ್ತೀವಿ, ಅಡ್ರೆಸ್ ಯಾಕೆ?" ಅಂದಿದ್ದ. ಮದುವೆ ಗೊತ್ತು ಮಾಡಿದ್ದ ಬೀದೀಲಿ ಎದುರುಬದುರು ಎರಡು ಛತ್ರ, ಎರಡರಲ್ಲೂ ಅವತ್ತೇ ಮದುವೆ. ಎದುರಿನವರೂ ಬೋರ್ಡ್ ಬರಿಯೋಕೆ ಮಾದನಿಗೇ ಹೇಳಿದ್ರು. ಮೊದಲು ಅವರದ್ದು ಬರೆದ, "ಸುಸ್ವಾಗತ" ಅಂತ. ಜನ್ಮದಲ್ಲಿ ಅಷ್ಟು ಚೆಂದ ಬಳುಕಿಸಿರಲಿಲ್ಲ.

ವಾಲಗದೋರು ಬಂದ್ರು, ಪುರೋಹಿತರು ಬಂದ್ರು, ಹೆಣ್ಣು ಬರಲಿಲ್ಲ. ಕೆಂಪಮ್ಮ ಅಳ್ತಾ ಬಾಗಿಲಿಗೆ ಓಡಿದ್ಲು. ಬಾಗಿಲ ಮೇಲೆ ಬರೀ ಬಿಳಿ ಹಲಗೆ! ಮಗ ಬಾಸಿಂಗ ಕಟ್ಕೊಂಡು ಕಿಟಕಿ ಹತ್ರ ನಿಂತಿದ್ದ.

"ನಮ್ಮ ಬೋರ್ಡೆಲ್ಲೋ?"

"ಬೀದಿಗೊಂದು ಸಾಕು ಅಂದ್ಯಲ್ಲಮ್ಮ!"

"ಹೆಣ್ಣೆಲ್ಲೋ?"

"ಆಗಲೇ ಬಂದ್ಲು! ನಮ್ಮ ಹಲಗೆ ನೋಡಿದ್ರು, ಆ ಅಕ್ಷರ ನೋಡಿದ್ರು, ಎಲ್ಲಾರೂ ಅಲ್ಲಿಗೇ ಹೋದ್ರು."

ಎದುರು ಛತ್ರದ ಹೆಣ್ಣು ಇನ್ನೂ ಬಸ್ಸಿನಲ್ಲೇ ಇತ್ತು. ಅಲ್ಲಿನ ಪುರೋಹಿತರಿಗೆ ಅವಸರ. ಬಂದ ಹೆಣ್ಣನ್ನೇ ಮಣೆ ಮೇಲೆ ಕೂರಿಸಿ, ಒಬ್ಬರ ಮುಖ ಒಬ್ಬರಿಗೆ ಕಾಣದ ಹಂಗೆ ನಡುವೆ ತೆರೆ ಹಿಡಿಸಿ, ಮಂತ್ರ ಶುರು ಮಾಡಿದ್ರು. ಕೆಂಪಮ್ಮ ಬೀದಿಗೆ ಇಳಿಯೋದ್ರೊಳಗೆ ಅಲ್ಲಿ ಗಟ್ಟಿಮೇಳ ಮೊಳಗಿತು.

ಮರಿಮಾದ ಚಪ್ಪಾಳೆ ತಟ್ಟಿದ. "ಶುಭಕಾರ್ಯದ ಅಕ್ಷರ ಅಂದ್ಯಲ್ಲಮ್ಮ, ಆಗೇಬಿಡ್ತು ನೋಡು!" ಅಂತ, ತನ್ನ ಮದುವೆ ಅಕ್ಷತೆ ಒಂದು ಹಿಡಿ ತಗೊಂಡು ಎದುರು ಛತ್ರದ ಕಡೆ ಎರಚಿದ.